ಡೈರಿ ಸರ್ಕಲ್‌ಗೆ ಎರಡು ಟಿಕೆಟ್

ಹೋದ ಡಿಸೆಂಬರ್‌ನಲ್ಲಿ ಊರಿಗೆ ಬಂದಿದ್ದಾಗ ಮಾವನ ಜೊತೆ ಆಸ್ಪತ್ರೆಗೆ ಹೊರಟೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದೆವು. ಮಾವ ಎರಡು ಟಿಕೆಟ್ ತಗೊಂಡರು, ಡೈರಿ ಸರ್ಕಲ್‌ಗೆ. "ನಿಮ್ಹಾನ್ಸ್ ಮೊದಲೇ ಬರುತ್ತಲ್ಲ ಮಾವ?" ಅಂದೆ. ಅವರು ಕಿಟಕಿ ಕಡೆ ತಿರುಗಿದರು. ತೊಡೆ ಮೇಲೆ ಸೀರೆ ಅಂಗಡಿಯ ಕವರ್. ಅದರೊಳಗೆ ಫೈಲು.

ವಿಲ್ಸನ್ ಗಾರ್ಡನ್ ದಾಟಿತು. "ಯಾರ್ರೀ ನಿಮ್ಹಾನ್ಸು, ಬನ್ನಿ ಬನ್ನಿ" ಅಂದ ಕಂಡಕ್ಟರ್. ಹಿಂದಿನ ಸೀಟಿನ ಹುಡುಗ ಗೆಳೆಯನ ಬೆನ್ನಿಗೆ ಗುದ್ದಿ, "ಏ, ನಿನ್ ಸ್ಟಾಪ್ ಬಂತು, ಇಳಿಯೋ" ಅಂದ. ಅರ್ಧ ಬಸ್ ನಕ್ಕಿತು. ಒಬ್ಬ ಹೆಂಗಸು ಮಗಳ ಕೈ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಇಳಿದರು. ನಾವು ಇಳಿಯಲಿಲ್ಲ. ಡೈರಿ ಸರ್ಕಲ್‌ನಲ್ಲಿ ಇಳಿದು, ಆ ಟ್ರಾಫಿಕ್‌ನಲ್ಲಿ ರಸ್ತೆ ದಾಟಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆವು. ಮಾವ ಇಪ್ಪತ್ತು ವರ್ಷದಿಂದ ಹೀಗೇ ನಡೆಯುತ್ತಿದ್ದಾರಂತೆ.

ಅದೇ ರಸ್ತೆಯಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಅಲ್ಲಿಗೆ ಹೋಗುವವರು ಹತ್ತಿದರೆ ಜನ ಎದ್ದು ಸೀಟು ಕೊಡುತ್ತಾರೆ, "ಪಾಪ" ಅನ್ನುತ್ತಾರೆ. ಪಕ್ಕದ ಕಾಂಪೌಂಡಿನವರಿಗೆ ಮಾತ್ರ ನಗು. ಬೈಕಿನಿಂದ ಬಿದ್ದು ತಲೆ ಒಡೆದುಕೊಂಡರೆ ಆ ಹುಡುಗನನ್ನೂ ಅಲ್ಲಿಗೇ ತಂದು ಮಲಗಿಸುತ್ತಾರೆ ಅನ್ನೋದು ಅವನಿಗೆ ಗೊತ್ತಿತ್ತೋ ಇಲ್ಲವೋ. ಬೈಯೋಣ ಅನ್ನಿಸಿತು. ಆದರೆ ಸ್ಕೂಲಿನಲ್ಲಿ ಕ್ಯಾಚ್ ಬಿಟ್ಟವನಿಗೆ "ನಿಮ್ಹಾನ್ಸ್ ಕೇಸು" ಅಂತ ಕೂಗಿದವನು ನಾನೇ ಅಲ್ವಾ? ಮನೆಯಲ್ಲೂ ಅಷ್ಟೇ. ಮಾವ ಎಲ್ಲಿ ಅಂತ ನೆಂಟರು ಕೇಳಿದರೆ "ಶುಗರ್ ಚೆಕಪ್‌ಗೆ ಹೋಗಿದ್ದಾನೆ" ಅಂತ ಅಮ್ಮ ಹೇಳುತ್ತಿದ್ದರು. ಪಾಪ, ಮಾವನಿಗೆ ಶುಗರ್ ಇಲ್ಲವೇ ಇಲ್ಲ. ಮದುವೆ ಮನೆಗಳಲ್ಲಿ ಹೋಳಿಗೆ ಬಡಿಸುವವರು ಅವರ ಎಲೆ ದಾಟಿಕೊಂಡು ಹೋಗುತ್ತಿದ್ದರು.

ನಾನಿರುವ ಲಂಡನ್ನಿನಲ್ಲಿ ಇದನ್ನೆಲ್ಲ ಬೇರೆ ಥರ ನೋಡಿದ್ದೇನೆ. ನಮ್ಮ ಟೀಮಿನ ಒಬ್ಬ ಹುಡುಗ ಒಂದು ದಿನ ಟೀ ಮಾಡಿಕೊಳ್ಳುತ್ತಾ, "ಮಂಗಳವಾರ ನಾನಿರಲ್ಲ, ಸೈಕಿಯಾಟ್ರಿಸ್ಟ್ ಹತ್ತಿರ ಹೋಗಬೇಕು" ಅಂದ. ಹಲ್ಲಿನ ಡಾಕ್ಟರ್ ಅನ್ನುವಷ್ಟೇ ಸಲೀಸಾಗಿ. ಮ್ಯಾನೇಜರ್ "ಹಾಗಾದರೆ ಮೀಟಿಂಗ್ ಬುಧವಾರ ಇಟ್ಟುಕೊಳ್ಳೋಣ" ಅಂದಳು, ಹಾಲಿನ ಡಬ್ಬ ಫ್ರಿಜ್ಜಿಗೆ ಇಟ್ಟಳು. ಅಷ್ಟೇ. ನಾನೊಬ್ಬನೇ ಚಮಚ ಹಿಡಿದುಕೊಂಡು ನಿಂತಿದ್ದೆ. ಅವತ್ತು ಮಾವನನ್ನು ತುಂಬಾ ನೆನೆಸಿಕೊಂಡೆ. ಇಲ್ಲಿದ್ದಿದ್ದರೆ ಅವರು ತಮ್ಮ ಸ್ಟಾಪಿನಲ್ಲೇ ಇಳಿಯುತ್ತಿದ್ದರೇನೋ.

ನಾವು ಮೊದಲಿಂದಲೂ ಹಿಂದೆ ಬಿದ್ದವರಲ್ಲ ಅನ್ನೋದು ಇನ್ನೂ ಉರಿಸುತ್ತದೆ. ಬೆಂಗಳೂರಿನ ಲುನಾಟಿಕ್ ಅಸೈಲಮ್ ಹೆಸರನ್ನು ಮೈಸೂರು ಸರ್ಕಾರ 1925ರಲ್ಲೇ ಮೆಂಟಲ್ ಹಾಸ್ಪಿಟಲ್ ಅಂತ ಬದಲಿಸಿತ್ತು. ಇಂಗ್ಲೆಂಡಿನ ಕಾನೂನು ಅಸೈಲಮ್ ಪದ ಬಿಟ್ಟಿದ್ದು 1930ರಲ್ಲಿ. 1974ರಲ್ಲಿ ನಿಮ್ಹಾನ್ಸ್ ಅನ್ನೋ ಹೊಸ ಹೆಸರು ಬಂತು, ನಾವು ಅದನ್ನೂ ಬೈಗುಳ ಮಾಡಿಕೊಂಡೆವು. ಎಂಥ ಹೆಸರು ಕೊಟ್ಟರೂ ನಮ್ಮ ಬಾಯಲ್ಲಿ ಹುಚ್ಚಾಸ್ಪತ್ರೆಯೇ.

ಇದನ್ನೆಲ್ಲ ಇಲ್ಲಿನ ಕನ್ನಡ ಗೆಳೆಯರೊಬ್ಬರ ಮುಂದೆ ಆಡಿಕೊಂಡೆ. ಅವರು ಸುಮ್ನೆ ಕೇಳಿಸಿಕೊಂಡು, "ನಿಮ್ಮ ಮನೆ ಹತ್ತಿರದ ಆ ಅರಮನೆ ಥರದ್ದು ಏನು ಗೊತ್ತಾ?" ಅಂದರು. ನ್ಯೂ ಸೌತ್‌ಗೇಟ್ ಸ್ಟೇಷನ್ ಹತ್ತಿರ ಪ್ರಿನ್ಸೆಸ್ ಪಾರ್ಕ್ ಮ್ಯಾನರ್ ಅಂತ ಇದೆ. ಗುಮ್ಮಟ, ದೊಡ್ಡ ಹುಲ್ಲುಹಾಸು, ದುಬಾರಿ ಫ್ಲಾಟ್‌ಗಳು. ಅದು 1851ರಲ್ಲಿ ತೆರೆದ ಕಾಲ್ನಿ ಹ್ಯಾಚ್ ಅಸೈಲಮ್ ಅಂತೆ. ಅರ್ಧ ಕಿಲೋಮೀಟರಿಗಿಂತ ಉದ್ದದ ಕಾರಿಡಾರ್ ಇತ್ತಂತೆ. 1903ರಲ್ಲಿ ಅಲ್ಲಿ ಬೆಂಕಿ ಬಿದ್ದು ಐವತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಒಂದು ಕಾಲದಲ್ಲಿ "ಕಾಲ್ನಿ ಹ್ಯಾಚ್" ಅಂದರೆ ಲಂಡನ್ನಿನವರೂ ಹೀಗೇ ನಗುತ್ತಿದ್ದರು. ರೈಲ್ವೆ ಸ್ಟೇಷನ್ನಿಗೂ ಮೊದಲು ಆ ಹೆಸರೇ ಇತ್ತು, ಆಮೇಲೆ ತೆಗೆದರು. ಆಸ್ಪತ್ರೆ 1993ರಲ್ಲಿ ಮುಚ್ಚಿತು. ಫ್ಲಾಟ್‌ಗಳ ಹೆಸರಿನಲ್ಲಿ ಅದರ ಸುಳಿವೂ ಇಲ್ಲ. ನಾನು ಪ್ರತಿ ಭಾನುವಾರ ಅದರ ಮುಂದೆ ವಾಕಿಂಗ್ ಹೋಗುತ್ತಿದ್ದವನು, ಯಾವುದೋ ರಾಜಕುಮಾರಿಯ ಮನೆ ಅಂದುಕೊಂಡಿದ್ದೆ.

ಸರಿ, ಒಪ್ಪಿಕೊಳ್ಳುತ್ತೇನೆ, ಮನಸ್ಸಿಲ್ಲದಿದ್ದರೂ. ಆ ಟೀಮಿನ ಹುಡುಗ ಆಮೇಲೊಮ್ಮೆ ಮೂರು ವಾರ ವಾರ್ಡಿನಲ್ಲಿದ್ದ. ನಾವೆಲ್ಲ ಸಹಿ ಹಾಕಿ ಚೆಂದದ ಕಾರ್ಡ್ ಕಳಿಸಿದೆವು. ನೋಡಲು ಹೋದಾಗ ಅವನ ಮಂಚದ ಪಕ್ಕ ಒಂದು ಕುರ್ಚಿ, ಅದರ ಮೇಲೆ ಅವನದೇ ಜಾಕೆಟ್. ನಾನು ಅದನ್ನು ಎತ್ತಿಟ್ಟು ಕೂತೆ. ಗಂಟೆಯಾಗುತ್ತಿದ್ದಂತೆ ನರ್ಸ್ ಬಂದು ಹೊರಡಿ ಅಂದಳು. ಬಿಡುಗಡೆಯ ದಿನ ಅವನು ಒಬ್ಬನೇ ಬಸ್ ಹತ್ತಿ ಮನೆಗೆ ಹೋದನಂತೆ.

ಮಾವ ಮೊದಲ ಸಲ ಅಡ್ಮಿಟ್ ಆದಾಗ ಜೊತೆಗೆ ಮನೆಯವರು ಒಬ್ಬರು ಇರಬೇಕು ಅಂದಿದ್ದರು. ಅಮ್ಮ ಚಾಪೆ, ಫ್ಲಾಸ್ಕು, ಉಪ್ಪಿನಕಾಯಿ ಬಾಟಲಿ ಸಮೇತ ಹದಿನೆಂಟು ದಿನ ಅಲ್ಲೇ ಮಲಗಿದರು. ಪಕ್ಕದ ಮಂಚದ ರಾಯಚೂರಿನವರು ಕೊಟ್ಟ ಶೇಂಗಾ ಚಟ್ನಿಪುಡಿ ಬಗ್ಗೆ ಈಗಲೂ ಹೇಳುತ್ತಾರೆ. ನೆಂಟರ ಮುಂದೆ ಶುಗರ್ ಅಂದವರೂ ಅವರೇ.

ಹೋದ ವಾರ ಫೋನಿನಲ್ಲಿ, "ಮಾವ, ಈ ಸಲ ನಿಮ್ಹಾನ್ಸ್ ಸ್ಟಾಪಿನಲ್ಲೇ ಇಳೀರಿ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಡೈರಿ ಸರ್ಕಲ್‌ನಲ್ಲಿ ಫ್ರೆಶ್ ಪೇಡಾ ಸಿಗುತ್ತೆ ಕಣೋ" ಅಂದರು.