ಗ್ಲೆನ್ ಕ್ಲೋಸ್ ಹಾಕಿಕೊಂಡ ಟೀ ಶರ್ಟ್

ಹಾಲಿವುಡ್ ನಟಿ ಗ್ಲೆನ್ ಕ್ಲೋಸ್ ಹೆಸರು ಬಂದರೆ ಸಾಕು, ಎಲ್ಲರೂ ಆಸ್ಕರ್ ಲೆಕ್ಕ ತೆಗೆಯುತ್ತಾರೆ. ಎಂಟು ಸಲ ನಾಮನಿರ್ದೇಶನ, ಒಂದು ಸಲವೂ ಪ್ರಶಸ್ತಿ ಇಲ್ಲ, ಅಯ್ಯೋ ಪಾಪ. ನನಗೆ ಆ ಲೆಕ್ಕದಲ್ಲಿ ಆಸಕ್ತಿ ಇಲ್ಲ. ಈ ನಟಿಯ ವಿಷಯದಲ್ಲಿ ನನ್ನನ್ನು ಕಾಡುವುದೇ ಬೇರೆ.

1987ರ 'ಫೇಟಲ್ ಅಟ್ರಾಕ್ಷನ್' ನೋಡಿದವರು ಅಲೆಕ್ಸ್ ಪಾತ್ರವನ್ನು ಮರೆಯುವುದಿಲ್ಲ. ಮದುವೆಯಾದ ಗಂಡಸಿನ ಬೆನ್ನು ಬಿಡದವಳು, ಅವನ ಮಗಳ ಮುದ್ದಿನ ಮೊಲವನ್ನು ಪಾತ್ರೆಯಲ್ಲಿ ಕುದಿಸುವವಳು. ನಟಿಸುವ ಮುಂಚೆ ಕ್ಲೋಸ್ ಸ್ಕ್ರಿಪ್ಟನ್ನು ಇಬ್ಬರು ಮನೋವೈದ್ಯರಿಗೆ ತೋರಿಸಿದ್ದರು. ಇವಳಿಗೆ ಮಾನಸಿಕ ಕಾಯಿಲೆ ಇರಬಹುದು ಅನ್ನುವ ಮಾತನ್ನು ಇಬ್ಬರೂ ಎತ್ತಲಿಲ್ಲವಂತೆ! ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ ಅಲೆಕ್ಸ್ ತನ್ನ ಪ್ರಾಣ ತಾನೇ ತೆಗೆದುಕೊಳ್ಳುತ್ತಾಳೆ. ಬಿಡುಗಡೆಗೆ ಮುಂಚೆ ತೋರಿಸಿದಾಗ ಪ್ರೇಕ್ಷಕರಿಗೆ ಅದು ಸಾಲಲಿಲ್ಲ. ಅವಳಿಗೆ ಶಿಕ್ಷೆ ಬೇಕಿತ್ತು. ಕ್ಲೋಸ್ ಬೇಡವೆಂದು ಜಗಳ ಮಾಡಿ, ಕೊನೆಗೆ ಸೋತು ಒಪ್ಪಿಕೊಂಡರು. ಹೊಸ ಕ್ಲೈಮ್ಯಾಕ್ಸ್‌ನಲ್ಲಿ ನಾಯಕನ ಹೆಂಡತಿ ಗುಂಡು ಹೊಡೆದಳು. ಸಿನಿಮಾ ಭರ್ಜರಿಯಾಗಿ ಓಡಿತು. ಇವತ್ತಾಗಿದ್ದರೆ ಆ ಪಾತ್ರವನ್ನು ಬೇರೆ ಥರ ನೋಡುತ್ತಿದ್ದೆ ಎಂದು ಅವರೇ ಆಮೇಲೆ ಹೇಳಿದ್ದಾರೆ. ನನ್ನ ಸಿಟ್ಟು ಅವರ ಮೇಲಲ್ಲ, ಕೊಲೆ ಕೇಳಿದ ಪ್ರೇಕ್ಷಕರ ಮೇಲೆ.

ಆ ಹೊತ್ತಿಗೆ ಅವರ ಸ್ವಂತ ತಂಗಿ ಜೆಸ್ಸಿ ಬೈಪೋಲಾರ್ ಕಾಯಿಲೆ ಜೊತೆ, ಅಂದರೆ ಮನಸ್ಸು ಒಮ್ಮೆ ಅತಿ ಹುರುಪಿಗೆ, ಒಮ್ಮೆ ತೀರಾ ಖಿನ್ನತೆಗೆ ಹೊರಳುವ ಕಾಯಿಲೆ ಜೊತೆ ಏಗುತ್ತಿದ್ದರು. ಅದು ಕಾಯಿಲೆ ಅಂತಲೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುಡಿತ, ಒಂದರ ಹಿಂದೆ ಒಂದು ಮದುವೆ. ಅವಳು ಇರುವುದೇ ಹಾಗೆ ಅಂದುಕೊಂಡು ಸುಮ್ಮನಾದರು. ಅಪ್ಪ ಬೇರೆ ಡಾಕ್ಟರ್! ಕಾಂಗೋದಲ್ಲಿ ಅಧ್ಯಕ್ಷ ಮೊಬುಟುಗೆ ಔಷಧಿ ಕೊಡುತ್ತಿದ್ದವರು. ಮೊದಲು ರೋಗ ಪತ್ತೆಯಾಗಿದ್ದು ಜೆಸ್ಸಿಯ ಮಗ ಕೇಲನ್‌ಗೆ, ಅದು ಸ್ಕಿಜೋಅಫೆಕ್ಟಿವ್, ಭ್ರಮೆಯೂ ಮನಸ್ಥಿತಿಯ ಏರುಪೇರೂ ಒಟ್ಟಿಗೆ ಕಾಡುವ ಕಾಯಿಲೆ. ಅವನು ಬಾಸ್ಟನ್ ಹತ್ತಿರದ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಎರಡು ವರ್ಷ ಕಳೆದ. ಆಮೇಲೊಂದು ದಿನ ಅಪ್ಪ ಅಮ್ಮನ ಮನೆಯಲ್ಲಿ ಜೆಸ್ಸಿ ಅಕ್ಕನ ಹತ್ತಿರ ಬಂದು, ಸಾಯುವ ಯೋಚನೆ ತಲೆಯಿಂದ ಹೋಗುತ್ತಲೇ ಇಲ್ಲ ಅಂದರು. ಆಗ ಸಿಕ್ಕಿತು ಸರಿಯಾದ ಚಿಕಿತ್ಸೆ. ಅಷ್ಟು ಹೊತ್ತಿಗೆ ಜೆಸ್ಸಿಗೆ ಐವತ್ತು ದಾಟಿತ್ತು.

2009ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ತೆಗೆದ ಒಂದು ಜಾಗೃತಿ ಜಾಹೀರಾತು ಬಂತು. ನಿರ್ದೇಶಕ ರಾನ್ ಹೊವಾರ್ಡ್. ಜೆಸ್ಸಿಯ ಟೀ ಶರ್ಟ್ ಮೇಲೆ 'ಬೈಪೋಲಾರ್', ಪಕ್ಕದಲ್ಲಿದ್ದ ಗ್ಲೆನ್ ಟೀ ಶರ್ಟ್ ಮೇಲೆ 'ಸಿಸ್ಟರ್'. ಇದಕ್ಕಾಗಿಯೇ 'ಬ್ರಿಂಗ್ ಚೇಂಜ್ ಟು ಮೈಂಡ್' ಎಂಬ ಸಂಸ್ಥೆ ಕಟ್ಟಿದರು.

ಕಾಯಿಲೆಯ ಹೆಸರು ಎದೆ ಮೇಲೆ ಹಾಕಿಕೊಳ್ಳಲು ಧೈರ್ಯ ಬೇಕು, ಒಪ್ಪೋಣ. ಆದರೆ 'ಸಿಸ್ಟರ್' ಶರ್ಟ್‌ಗೂ ಅಷ್ಟೇ ಧೈರ್ಯ ಬೇಕು ಅನ್ನುತ್ತೇನೆ ನಾನು. ನಮ್ಮ ಮನೆಗಳಲ್ಲಿ ಒಬ್ಬರ ಕಾಯಿಲೆ ಮುಚ್ಚಿಡುವುದು ಜಾಸ್ತಿ ಉಳಿದ ಮಕ್ಕಳ ಮದುವೆಗೋಸ್ಕರವೇ ಅಲ್ವಾ? ಅಣ್ಣನಿಗೆ ಹೀಗಂತೆ ಅಂತ ಗೊತ್ತಾದರೆ ತಂಗಿಗೆ ಬಂದ ಗಂಡು ವಾಪಸ್. ಹಾಗಾಗಿ ನಿಮ್ಹಾನ್ಸ್‌ಗೆ ಹೋಗಿ ಬಂದವರೂ ಊರಲ್ಲಿ ಹೇಳುವುದು ಒಂದೇ: "ಬೆಂಗಳೂರಲ್ಲಿ ಸ್ವಲ್ಪ ಕೆಲಸ ಇತ್ತು."