ಬೈಕ್ ಕೀಲಿಯ ಶಾಸನಕಾರರು

ಬಾದಾಮಿಗೆ ಹೋದವರು ಶಾಸನ ಓದದೆ ಬರಬಾರದು. ಚಾಲುಕ್ಯರದ್ದಲ್ಲ, ನಮ್ಮವರದ್ದು. ಗುಹೆಗಳ ಮೆಟ್ಟಿಲು ಹತ್ತುತ್ತಲೇ ಶುರುವಾಗುತ್ತವೆ: ‘ಬಸು ವೆಡ್ಸ್ ರೇಣು’, ‘ಫೈನಲ್ ಬಿ.ಎ. ಟ್ರಿಪ್’, ಬಾಣ ಚುಚ್ಚಿದ ಒಂದು ಹೃದಯ, ಅದರೊಳಗೆ ಯಾರೋ ಅಳಿಸಿ ಬೇರೆ ಬರೆದ ಹೆಸರು. ಕೆಂಪು ಮರಳುಗಲ್ಲು ಪಾಪ ಮೆತ್ತಗಿನದು. ಉಳಿ ಹಿಡಿದವನಿಗೂ ಒಲಿಯಿತು, ಬೈಕ್ ಕೀಲಿ ಹಿಡಿದವನಿಗೂ ಒಲಿಯುತ್ತಿದೆ.

ಮೊದಲ ಗುಹೆಯ ನಟರಾಜನಿಗೆ 18 ಕೈ. ಎಡದವು, ಬಲದವು ಜೋಡಿಸುತ್ತ ಹೋದರೆ 81 ಭಂಗಿ ಎಂದು ಗೈಡ್ ಬೆವರು ಒರೆಸಿಕೊಂಡು ಲೆಕ್ಕ ಒಪ್ಪಿಸುತ್ತಿದ್ದರೆ, ಹಿಂದಿನಿಂದ ಒಂದು ದನಿ: ‘ಅದಿರ್ಲಿ, ಶೂಟಿಂಗ್ ಆಗಿದ್ದು ಎಲ್ಲಿ?’ ಗೈಡ್ ಮುಖ ಕೂಡ ತಿರುಗಿಸದೆ ಕೈ ತೋರಿಸಿದ. ಅದು 82ನೆಯ ಭಂಗಿ.

ಇಲ್ಲಿನ ಮಂಗಗಳ ಮೇಲೆ ದೂರು ಬಹಳ. ಚಿಪ್ಸ್ ಪೊಟ್ಟಣ ಕಸಿಯುತ್ತವೆ, ನಿಜ. ಕಲ್ಲಿನ ಮೇಲೆ ಹೆಸರನ್ನಂತೂ ಬರೆದಿಲ್ಲ.

ಮೂರನೇ ಗುಹೆ ಚಾಲುಕ್ಯರ ಮಂಗಲೇಶ ಕೊರೆಸಿದ್ದು, ಕ್ರಿ.ಶ. 578ರಲ್ಲಿ. ಅಲ್ಲಿಯೇ ಅವನ ಕನ್ನಡ ಶಾಸನವೂ ಇದೆ. ಈ ‘ಕಲ್ಮನೆ’ಗೆ ಲಂಜಿಗೇಸರ ಎಂಬ ಊರನ್ನು ದತ್ತಿ ಕೊಟ್ಟು, ದೇವರಿಗೆ ಹೂ ಕಟ್ಟುವ ಮಾಲೆಗಾರರನ್ನೂ ಮರೆಯದೆ, ಕೊನೆಗೆ ಒಂದು ಶಾಪ ಕೆತ್ತಿಸಿದ್ದಾನೆ: ಇದನ್ನು ಕೆಡಿಸಿದವನು ಪಂಚಮಹಾಪಾತಕಿ, ‘ಏಳನೆಯ ನರಕದ ಪುಳು’, ಅಂದರೆ ಹುಳು. ಇಂದಿನ ಕಾಯ್ದೆ ಬಹಳ ಸೌಮ್ಯ, ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹುಳುವಾಗುವ ಪ್ರಸ್ತಾಪವೇ ಇಲ್ಲ.

ಅಲ್ಲೇ ಕಂಬದ ಮರೆಯಲ್ಲಿ ಒಬ್ಬ ತರುಣ ಕೀಲಿ ಹಿಡಿದು ‘ಮ’ ಮುಗಿಸಿ ‘ಲ್ಲು’ವಿನ ಒತ್ತಿಗೆ ಬಂದಿದ್ದ. ಹತ್ತಿರ ಹೋಗಿ ಶಾಪದ ಸಂಗತಿ ಹೇಳಿದೆ. ಗಮನವಿಟ್ಟು ಕೇಳಿದ.

‘ಇದನ್ನ ಯಾರು ಬರದಾರ್ರಿ?’

‘ಮಂಗಲೇಶ ಅಂತ, ರಾಜ.’

‘ಅಂವಾ ಕಲ್ಲಿನ ಮ್ಯಾಲೆ ಬರದ್ರ ನಡೀತೈತಿ, ನಾ ಬರದ್ರ ನರಕಾನ್ರಿ?’

‘ತಮ್ಮಾ, ಅಂವಾ ಒಂದು ಊರು ಕೊಟ್ಟಾನಪ್ಪಾ.’

ಅವನು ಕಿಸೆಯಿಂದ ಮುದುಡಿದ ಚೀಟಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದ.

‘ನಾನೇನು ಪುಕ್ಕಟೆ ಬಂದೀನೇನ್ರೀ? ಟಿಕೆಟ್ ತಗೊಂಡೀನಿ.’