ಗುರುಗಳ ಚರಿತ್ರೆಯೋ, ಕಾಮಗಾರಿ ವರದಿಯೋ?

ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಊರಿನ ಧರ್ಮಕೇಂದ್ರದ, ಅಂದರೆ ಕಥೋಲಿಕ ಚರ್ಚಿನ, ಸ್ಮರಣ ಸಂಚಿಕೆ ಬಿಡುಗಡೆಯಾಯಿತು. ಹೊಳಪು ಕಾಗದ, ಬಣ್ಣದ ಚಿತ್ರಗಳು, ಧರ್ಮಾಧ್ಯಕ್ಷರ ಸಂದೇಶ, ಶಾಸಕರ ಸಂದೇಶ, ಯಾವುದಕ್ಕೂ ಕೊರತೆಯಿಲ್ಲ. ನಾನು ಆಸೆಯಿಂದ ತೆರೆದದ್ದು ಇಲ್ಲಿ ಸೇವೆ ಮಾಡಿದ ಪಾದ್ರಿಗಳ ಬಗೆಗಿನ ‘ನಮ್ಮ ಗುರುಗಳು’ ಎಂಬ ಅಧ್ಯಾಯವನ್ನು. ಅಲ್ಲಿದ್ದದ್ದು ಒಂದು ಕೋಷ್ಟಕ: ಹೆಸರು, ಸೇವೆಯ ಅವಧಿ, ‘ಸಾಧನೆ’. ಸಾಧನೆಯ ಅಂಕಣವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಗಂಟೆ ಗೋಪುರ. ಕಾಂಪೌಂಡ್ ಗೋಡೆ. ಗುರುಗಳ ಮನೆಯ ಮೇಲಂತಸ್ತು. ಮರಿಯ ಮಾತೆಯ ಗವಿ. ಗ್ರಾನೈಟ್ ನೆಲ. ಆ ಗ್ರಾನೈಟ್ ತೆಗೆಸಿ ಹಾಕಿಸಿದ ಹೊಸ ಗ್ರಾನೈಟ್. ಕೆಲವು ಹೆಸರುಗಳ ಮುಂದೆ ಬರೀ ಒಂದು ಅಡ್ಡಗೆರೆ. ಏನನ್ನೂ ಕಟ್ಟದೆ ವರ್ಗವಾಗಿ ಹೋದವರಿಗೆ ಊರು ಸಲ್ಲಿಸಿದ ಕೃತಜ್ಞತೆ ಅದು.

ನಾನು ಭಾನುವಾರ ತಪ್ಪಿಸದೆ ಚರ್ಚಿಗೆ ಹೋಗುವವನಲ್ಲ ಎಂಬುದು ಇಲ್ಲಿರುವ ಸ್ನೇಹಿತರಿಗೆ ಗೊತ್ತೇ ಇದೆ, ಹಾಗಾಗಿ ‘ನಿನಗೇಕೆ ಈ ಉಸಾಬರಿ’ ಎಂದು ಕೇಳುವವರೂ ಇರುತ್ತಾರೆ. ಕೇಳಲಿ. ಮೈಸೂರು ಸೀಮೆಯ ಕನ್ನಡ ಕಥೋಲಿಕರ ಚರಿತ್ರೆ ಸುಮಾರು ಮುನ್ನೂರ ಎಪ್ಪತ್ತೈದು ವರ್ಷಗಳದ್ದು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ (ಜೆಸುಯಿಟ್) ಗುರು ಲಿಯೊನಾರ್ಡೊ ಚಿನ್ನಾಮಿ ಮೊದಲು ಮಾಡಿದ ಕೆಲಸ ಕನ್ನಡ ಕಲಿತದ್ದು. ಆಮೇಲೆ ಕನ್ನಡಕ್ಕೊಂದು ವ್ಯಾಕರಣವನ್ನೂ ಧರ್ಮೋಪದೇಶವನ್ನೂ ಬರೆದರು. ನಮ್ಮ ಸಂಚಿಕೆಯ ಸಮಿತಿಯ ಕೈಗೆ ಅವರು ಸಿಕ್ಕಿದ್ದರೆ ಸಾಧನೆಯ ಅಂಕಣದಲ್ಲಿ ಅಡ್ಡಗೆರೆಯೇ ಗತಿಯಾಗುತ್ತಿತ್ತು, ಏಕೆಂದರೆ ವ್ಯಾಕರಣಕ್ಕೆ ಶಂಕುಸ್ಥಾಪನೆಯ ಕಲ್ಲು ಇರುವುದಿಲ್ಲ.

ಅಬ್ಬೆ ದ್ಯುಬ್ವಾ ಅವರನ್ನೇ ತೆಗೆದುಕೊಳ್ಳಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಗುರು ಅವರು. ಈ ನೆಲದವರ ಉಡುಪು, ಊಟ, ನಡವಳಿಕೆಗಳನ್ನೇ ತಮ್ಮದಾಗಿಸಿಕೊಂಡರು. ಹಾಸನದ ಕಡೆ ಬಡ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. 1802ರಲ್ಲಿ ಭಾರತ ತಲುಪಿದ ಸಿಡುಬಿನ ಲಸಿಕೆಯನ್ನು, ಜನ ಹೆದರಿ ಓಡುತ್ತಿದ್ದ ಆ ದಿನಗಳಲ್ಲೇ, ಮೈಸೂರು ಸೀಮೆಯಲ್ಲಿ ಹಬ್ಬಿಸಲು ದುಡಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿ ಬಂದ ಪ್ರಸಿದ್ಧ ಗ್ರಂಥದ ಬಹುಭಾಗ ಕೂರ್ದೂ ಎಂಬ ಹಿಂದಿನ ಯೇಸುಸಭೆಯ ಗುರುವಿನ ಬರಹದಿಂದ ಎತ್ತಿಕೊಂಡದ್ದು ಎಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಅದನ್ನೂ ಬರೆಯಬೇಕು, ಮುಚ್ಚಿಡುವುದೇಕೆ? ಇನ್ನೂ ಒಂದು ಸಂಗತಿಯಿದೆ. ಮೂರು ದಶಕ ಭಾರತದಲ್ಲಿ ದುಡಿದು 1823ರಲ್ಲಿ ಮರಳಿದ ಅವರು, ಹಿಂದೂಗಳ ಮತಾಂತರ ಆಗದ ಮಾತು ಎಂದು ಅದೇ ವರ್ಷ ಪುಸ್ತಕ ರೂಪದಲ್ಲಿ ಅಚ್ಚು ಹಾಕಿಸಿದರು. ತಾನು ಬಂದ ಕೆಲಸ ಕೈಗೂಡಲಿಲ್ಲವೆಂದು ಬಹಿರಂಗವಾಗಿ ಹೇಳುವ ಎದೆಗಾರಿಕೆ ಎಷ್ಟು ಜನರಿಗಿರುತ್ತದೆ? ಆದರೆ ಕೋಷ್ಟಕದ ಲೆಕ್ಕದಲ್ಲಿ ಇದೆಲ್ಲ ಕರಗಿ, ಅವರು ಕಟ್ಟಿಸಿದ ಚರ್ಚಿನ ಹೆಸರಾದ ‘ಗಂಜಾಂ ಚರ್ಚು’ ಎಂಬ ಎರಡೇ ಪದಗಳಾಗಿ ಉಳಿಯುತ್ತಿತ್ತು.

ಕಟ್ಟಡವೇ ಚರಿತ್ರೆ ಎನ್ನುವವರು ಒಮ್ಮೆ ಹಾಸನದ ಬಳಿಯ ಶೆಟ್ಟಿಹಳ್ಳಿಗೆ ಹೋಗಿಬರಲಿ. ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಎಬ್ಬಿಸಿದ ಆ ಭವ್ಯ ಚರ್ಚು ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಈಗ ಮಾಡಿಲ್ಲದೆ ನಿಂತಿದೆ. ಜನ ಅಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುತ್ತಾರೆ. ಊರು ಬಿಟ್ಟ ಕುಟುಂಬಗಳು ಮಾತ್ರ ಹೋದಲ್ಲೆಲ್ಲ ತಮ್ಮ ಪ್ರಾರ್ಥನೆಗಳನ್ನೂ ಹಬ್ಬಗಳನ್ನೂ ಕೊಂಡೊಯ್ದವು. ಅವುಗಳನ್ನು ಕಲಿಸಿದವರು ಯಾವ ಅಂಕಣದಲ್ಲಿ ಬರುತ್ತಾರೆ?

ಚರಿತ್ರೆ ಎಲ್ಲಿದೆ ಎಂದರೆ, ಗುರುಗಳ ಮನೆಯ ಹಳೆಯ ಬೀರುವಿನಲ್ಲಿದೆ. 1563ರ ಟ್ರೆಂಟ್ ಎಂಬ ಕಥೋಲಿಕ ಧರ್ಮಾಧ್ಯಕ್ಷರ ಮಹಾಸಭೆಯ ಕಾಲದಿಂದಲೂ ಜ್ಞಾನಸ್ನಾನ (ಕ್ರೈಸ್ತ ದೀಕ್ಷೆ), ಮದುವೆಗಳ ದಾಖಲೆ ಇಡುವುದು ಗುರುಗಳ ಕರ್ತವ್ಯ. ಸಾವಿನ ದಾಖಲೆಯನ್ನೂ ಕುಟುಂಬಗಳ ವಿವರವನ್ನೂ 1614ರ ರೋಮನ್ ವಿಧಿಗ್ರಂಥ ಅದಕ್ಕೆ ಸೇರಿಸಿತು. ಹಳೆಯ ದಾಖಲೆ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕು ಎಂದು ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಹೇಳುತ್ತದೆ. ನಮ್ಮ ಊರಿನವು ಗೆದ್ದಲಿಗೂ ಇಲಿಗೂ ಸಮನಾಗಿ ಹಂಚಿಕೆಯಾಗಿವೆ. ಉಳಿದ ಹಾಳೆಗಳನ್ನು ಒಮ್ಮೆ ತಿರುವಿ ನೋಡಿದ್ದೇನೆ. 1918ರ ಇನ್‌ಫ್ಲುಯೆಂಜಾ ತಿಂಗಳುಗಳಲ್ಲಿ ಸಾವಿನ ಪುಸ್ತಕ ಪುಟ ಪುಟವಾಗಿ ತುಂಬಿದೆ. ಒಂದೇ ದಿನಾಂಕದ ಕೆಳಗೆ ಹಲವು ಹೆಸರುಗಳು, ತಾಯಿಯ ಹಿಂದೆಯೇ ಮಗು, ಎಲ್ಲ ಒಂದೇ ಕೈಬರಹ. ಆ ಗುರುಗಳು ಮನೆ ಮನೆಗೆ ಹೋಗಿ, ಸಾಯುವವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಂತ್ಯಾಭ್ಯಂಜನ ಕೊಟ್ಟು, ಮಣ್ಣು ಮಾಡಿ, ರಾತ್ರಿ ಕುಳಿತು ಲ್ಯಾಟಿನ್ನಿನಲ್ಲಿ ಅದನ್ನೆಲ್ಲ ದಾಖಲಿಸಿದ್ದಾರೆ. ಸಂಚಿಕೆಯಲ್ಲಿ ಅವರ ಸಾಧನೆ: ‘ಫ್ರಾನ್ಸಿನಿಂದ ಗಂಟೆ ತರಿಸಿದರು.’ ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕೆಂಬ ಆತುರವೂ ಇಲ್ಲ.

‘ಕಟ್ಟಡವೂ ಸೇವೆಯೇ ಅಲ್ಲವೇ? ಸೋರುವ ಮಾಡಿನ ಕೆಳಗೆ ಪ್ರಾರ್ಥನೆ ಮಾಡಲಾಗುತ್ತದೆಯೇ?’ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಒಪ್ಪೋಣ. ಆದರೆ ಆ ಮಾಡಿಗೆ ಹಣ ಕೊಟ್ಟವರು ಯಾರು? ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟವರು, ಕೂಲಿಯಲ್ಲಿ ಉಳಿಸಿದವರು, ಕಲ್ಲು ಮಣ್ಣು ಹೊತ್ತವರು ಊರಿನ ಜನ. ಕಟ್ಟಡವನ್ನು ಲೆಕ್ಕ ಹಾಕುವುದೇ ಆದರೆ ಅದು ಜನರ ಲೆಕ್ಕಕ್ಕೆ ಹೋಗಬೇಕು. ಇದರಲ್ಲಿ ಗುರುಗಳನ್ನು ಮಾತ್ರ ದೂರುವುದೂ ಸರಿಯಲ್ಲ. ಕೆಲವೇ ವರ್ಷಗಳಲ್ಲಿ ವರ್ಗವಾಗುವ ಮನುಷ್ಯ, ಊರು ತನ್ನನ್ನು ಕಲ್ಲಿನ ಫಲಕದಿಂದಷ್ಟೇ ನೆನೆಯುತ್ತದೆ ಎಂದು ತಿಳಿದಾಗ, ಏನನ್ನಾದರೂ ಕೆಡವಿ ಏನನ್ನಾದರೂ ಕಟ್ಟದೆ ಇನ್ನೇನು ಮಾಡಿಯಾನು? ಆ ರೂಢಿ ಕಲಿಸಿದವರು ನಾವೇ.

ಗುರುಗಳೇ ಇಲ್ಲದ ಕಾಲವೂ ಒಂದಿತ್ತು. ಪೋರ್ಚುಗಲ್ 1759ರಲ್ಲಿ ಯೇಸುಸಭೆಯನ್ನು ಹೊರಗಟ್ಟಿತು, 1773ರಲ್ಲಿ ಪೋಪ್ ಹದಿನಾಲ್ಕನೆಯ ಕ್ಲೆಮೆಂಟ್ ಆ ಸಭೆಯನ್ನೇ ರದ್ದು ಮಾಡಿದರು. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದವರ ಕೈಗೆ ಈ ಸೀಮೆ ಬಂದರೂ ಟಿಪ್ಪುವಿನ ಆಳ್ವಿಕೆಯಲ್ಲಿ ಅವರು ಇಲ್ಲಿ ನೆಲೆಯೂರಲಾಗಲಿಲ್ಲ. ಗುರುಗಳು ಬಾರದ ಅಂಥ ದಿನಗಳಲ್ಲಿ ಮಕ್ಕಳಿಗೆ ಜಪ ಹೇಳಿಕೊಟ್ಟವರು, ಸಾಯುವ ಕೂಸಿಗೆ ಜ್ಞಾನಸ್ನಾನ ಕೊಟ್ಟವರು, ಸತ್ತವರ ಮುಂದೆ ಪ್ರಾರ್ಥಿಸಿ ಮಣ್ಣು ಮಾಡಿದವರು ಗುರುಪಟ್ಟವಿಲ್ಲದ ಧರ್ಮಬೋಧಕರಾದ ಉಪದೇಶಿಗಳು ಮತ್ತು ಊರಿನ ಹಿರಿಯರು. ಗುರುಗಳು ಬಂದ ಮೇಲೂ ದೂರದ ಹಳ್ಳಿಗಳನ್ನು ನಡೆಸಿಕೊಂಡು ಹೋದವರು ಅವರೇ. ಸಂಚಿಕೆಯಲ್ಲಿ ಅವರಿಗೆ ಅಡ್ಡಗೆರೆಯೂ ಇಲ್ಲ. ನನ್ನ ತಾತ ಉಪದೇಶಿಯಾಗಿದ್ದರು, ಹಾಗಾಗಿ ನನ್ನ ಕೋಪ ಪೂರ್ತಿ ನಿಷ್ಪಕ್ಷಪಾತವಲ್ಲ. ಮಳೆಗಾಲದಲ್ಲಿ ಕೊಡೆಯಿಲ್ಲದೆ ಗೋಣಿಚೀಲದ ಕೊಪ್ಪೆ ಹೊದ್ದು ನಡೆದುಹೋಗಿ ಜಪಸರ ಮಾಡಿಸಿ ಬರುತ್ತಿದ್ದ ಅವರಿಗೆ ಸಂಬಳವೆಂದು ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಮನೆಗಳವರು ಕೊಟ್ಟ ರಾಗಿ. ಅದರ ಬಗ್ಗೆ ಅವರು ಎಂದೂ ದೂರಲಿಲ್ಲ. ಅವರ ಪಾಲಿನ ದೂರನ್ನೂ ಸೇರಿಸಿ ನಾನು ಹೇಳುತ್ತಿದ್ದೇನೆ.

ಸಂಚಿಕೆಯ ಎರಡನೆಯ ಮುದ್ರಣಕ್ಕೆ ಅರ್ಧ ಪುಟದ ಜಾಹೀರಾತು ಕೊಡಬೇಕೆಂದು ಸಮಿತಿಯವರು ನನ್ನನ್ನು ಕೇಳಿದ್ದಾರೆ. ಕೊಡುತ್ತೇನೆ ಎಂದಿದ್ದೇನೆ. ಆ ಅರ್ಧ ಪುಟದಲ್ಲಿ ನಮ್ಮ ಧರ್ಮಕೇಂದ್ರದ ಮತ್ತು ಅದಕ್ಕೆ ಸೇರಿದ ಹಳ್ಳಿಗಳ ಉಪದೇಶಿಗಳ ಹೆಸರುಗಳು ಅಚ್ಚಾಗಬೇಕು, ಬೇರೇನೂ ಬೇಡ. ನನ್ನ ಬಳಿ ಇರುವ ಪಟ್ಟಿ ಚಿಕ್ಕದು. ನಿಮ್ಮ ಅಜ್ಜಿಯರ ಬಾಯಲ್ಲಿ ಕೇಳಿದ ಹೆಸರುಗಳಿದ್ದರೆ, ವರ್ಷ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ, ಬರುವ ಭಾನುವಾರದೊಳಗೆ ನನಗೆ ಬರೆದು ಕಳುಹಿಸಿ.